ಶೀಟಿಗೆ 2,300, ಕೂಲಿಗೆ 35,000! ದೊಡ್ಡಪ್ಪನ ಪದ್ಮಿನಿ ಕಾರಿನ ಟಿಂಕರಿಂಗ್ ಬಿಲ್ | ಮಂಗಳೂರು ವ್ಲಾಗ್

ನಮಸ್ಕಾರ. ಹಿಂದೆ ಕೇಳುವ ಬೊಬ್ಬೆ ಮಳೆಯದ್ದಲ್ಲ, ಗ್ರೈಂಡರಿನದ್ದು. ನಮ್ಮ ಹಳೇ ಕಾರಿನ ತಗಡು ಕೆಲಸ ಆದ ಶೆಡ್ಡಲ್ಲಿ ನಿಂತು ನಾನು ಮಾತಾಡಿದ್ದೆಲ್ಲ ಅದರಲ್ಲೇ ಮುಳುಗಿ ಹೋಗಿದೆ. ಹಾಗಾಗಿ ಮನೆಗೆ ಬಂದು ವಾಯ್ಸ್ ಓವರ್ ಕೊಡ್ತಾ ಇದ್ದೇನೆ. ನಡುವಲ್ಲಿ ಕುಕ್ಕರ್ ಸೀಟಿ ಬಂದರೆ ಅದು ನಮ್ಮ ಮನೆಯದ್ದೇ.

ಜಾಗ ಯೆಯ್ಯಾಡಿ ಹತ್ತಿರ ಅಂತ ಮಾತ್ರ ಹೇಳ್ತೇನೆ. ಹೆಸರು, ನಂಬರ್ ಕೇಳಿ ಕಾಮೆಂಟ್ ಹಾಕಬೇಡಿ. ಶೆಡ್ಡಿನ ಆಚಾರ್ರೇ ಬೇಡ ಅಂದಿದ್ದಾರೆ. "ಈಗಲೇ ಅಂಗಳದಲ್ಲಿ ಗಾಡಿ ಇಡ್ಲಿಕ್ಕೆ ಜಾಗ ಇಲ್ಲ, ನೀವು ಇನ್ನು ಜನ ಕಳಿಸಬೇಡಿ ಮಾರಾಯ್ರೆ" ಅಂತ. ಪ್ರಚಾರ ಬೇಡ ಅನ್ನುವ ಮೆಕ್ಯಾನಿಕ್ಕನ್ನು ಎಲ್ಲಾದರೂ ನೋಡಿದ್ದುಂಟಾ? ಮೆಕ್ಯಾನಿಕ್ ಅಂದರೂ ಅವರಿಗೆ ಸಿಟ್ಟು ಬರ್ತದೆ. ಅವರು ಟಿಂಕರ್. ಇಂಜಿನ್ನಿಗೆ ಕೈ ಹಾಕುವುದಿಲ್ಲ, ತಗಡು ಮಾತ್ರ.

ಇದೇ ಗಾಡಿ. ಪ್ರೀಮಿಯರ್ ಪದ್ಮಿನಿ, 1984ರದ್ದು, ದೊಡ್ಡಪ್ಪ ತೆಗೊಂಡದ್ದು. ಮಾರುತಿ 800 ಬಂದದ್ದು 1983ರ ಡಿಸೆಂಬರಲ್ಲಿ. ಊರೆಲ್ಲ ಮಾರುತಿ ಮಾರುತಿ ಅಂತ ಕುಣಿಯುವಾಗ ನಮ್ಮ ದೊಡ್ಡಪ್ಪ ಹೋಗಿ ಫಿಯೆಟ್ ತಂದರು. ಪದ್ಮಿನಿ ಅಂತ ಹಿಂದೆ ಬರೆದಿದ್ದರೂ ಅವರ ಬಾಯಲ್ಲಿ ಕೊನೆವರೆಗೂ ಫಿಯೆಟ್ಟೇ. ತಪ್ಪೇನಿಲ್ಲ, ಒಳಗಿರುವುದು ಫಿಯೆಟ್ 1100 ಡಿಲೈಟೇ. 1089 ಸಿಸಿ, ನಾಲ್ಕು ಸಿಲಿಂಡರ್, ಗೇರು ಸ್ಟೇರಿಂಗ್ ಪಕ್ಕದಲ್ಲಿ. ಆ ಗೇರ್ ಉಂಟಲ್ಲ, ಅದರ ಬಗ್ಗೆ ಬೇರೆಯೇ ವಿಡಿಯೋ ಮಾಡಬೇಕು. ಕದ್ರಿ ಕಂಬಳ ರಸ್ತೆಯ ಏರಿನಲ್ಲಿ ಸೆಕೆಂಡ್ ಹಾಕ್ಲಿಕ್ಕೆ ಹೋಗಿ ಸಿಗದೆ, ಹಿಂದಿನ ಬಸ್ಸಿನವ ಹಾರ್ನ್ ಮೇಲೆ ಹಾರ್ನ್... ಆಯ್ತು, ಶಾಟ್ ಮುಗೀತು. ಕೆಳಗೆ ಹೋಗುವ.

ಇದು ಗಾಡಿಯ ಅಡಿ. ಫೋನಿನ ಟಾರ್ಚಲ್ಲಿ ತೆಗೆದದ್ದು. ಕಪ್ಪು ಕಾಣ್ತದಲ್ಲ, ಎಷ್ಟು ಚಂದ ಕಾಣ್ತದೆ ನೋಡಿ. ಅದೇ ತೊಂದರೆ. ಕೆಲವು ವರ್ಷ ಹಿಂದೆ ಒಂದು ದೊಡ್ಡ ಗ್ಯಾರೇಜಿನಲ್ಲಿ "ಅಂಡರ್‌ಬಾಡಿ ಕೋಟಿಂಗ್, ಇನ್ನು ತುಕ್ಕಿನ ಮಂಡೆಬಿಸಿ ಇಲ್ಲ" ಅಂತ ಹೇಳಿ ಈ ಟಾರಿನಂಥದ್ದನ್ನು ಬಳಿದು ಕೊಟ್ಟರು. ಬಾಗಿಲಿನ ಅಡಿಯಲ್ಲಿ ಉದ್ದಕ್ಕೆ ಒಂದು ಪೆಟ್ಟಿಗೆ ಥರ ಇರ್ತದಲ್ಲ, ಅದಕ್ಕೆ ಇವರು ರನ್ನರ್ ಅಂತಾರೆ. ಅದರ ಅಡಿಯಲ್ಲಿ ಕಂಪನಿಯವರು ಸಣ್ಣ ಸಣ್ಣ ತೂತು ಬಿಟ್ಟಿರ್ತಾರೆ, ಒಳಗೆ ಸೇರಿದ ನೀರು ಹೊರಗೆ ಹೋಗಲಿ ಅಂತ. ಆ ಪುಣ್ಯಾತ್ಮರು ತೂತಿನ ಮೇಲೆಯೂ ಬಳಿದಿದ್ದಾರೆ! ನೀರು ಎಲ್ಲಿಗೆ ಹೋಗಬೇಕು? ಒಳಗೇ ನಿಂತಿತು. ನಮ್ಮದು ಸಮುದ್ರದ ಬದಿಯ ಊರು, ಗಾಳಿಯಲ್ಲೇ ಉಪ್ಪು. ಉಪ್ಪು ಕೂತ ಕಡೆ ಪಸೆ ಆರುವುದಿಲ್ಲ, ಪಸೆ ಇದ್ದ ಕಡೆ ಕಬ್ಬಿಣ ತಿನ್ನುತ್ತಾ ಹೋಗ್ತದೆ. ಆಚಾರ್ರು ಸ್ಕ್ರೂಡ್ರೈವರಲ್ಲಿ ಕುಟ್ಟಿದಾಗ... ಇದೇ ನೋಡಿ, ಈ ಶಾಟ್. ಸೀದ ಒಳಗೆ ಹೋಯಿತು. ಗೆದ್ದಲು ಹಿಡಿದ ದಾರಂದಕ್ಕೆ ಪೇಂಟ್ ಹೊಡೆದ ಹಾಗೆ, ಹೊರಗೆ ಮಾತ್ರ ಗಟ್ಟಿ.

ಇನ್ನೊಂದು, ಮಳೆಗಾಲದಲ್ಲಿ ಗಾಡಿಗೆ ಪ್ಲಾಸ್ಟಿಕ್ ಕವರ್ ಹೊದಿಸಿ ಇಡುವವರೇ, ದಯಮಾಡಿ ತೆಗೀರಿ. ಒಳಗೆ ಹಬೆ ಕಟ್ಟಿ ಮತ್ತಷ್ಟು ಹಾಳು. ಮಾಡು ಇದ್ದರೆ ಮಾಡಿನ ಅಡಿ ನಿಲ್ಲಿಸಿ, ಗಾಳಿ ಆಡಲಿ.

ಈಗ ಬಿಲ್ಲಿಗೆ ಬರುವ. ಥಂಬ್‌ನೇಲ್ ನೋಡಿ ಬಂದವರು ಇಲ್ಲಿಂದ ನೋಡಿದರೆ ಸಾಕು.

ಕೈಬರಹದ ಬಿಲ್. ಶೀಟು 2,300. ಗ್ಯಾಸು, ವೆಲ್ಡಿಂಗ್ ಕಂಬಿ, ಡ್ರಿಲ್ಲಿನ ಬಿಟ್ ಎಲ್ಲ ಸೇರಿ 3,700. ಕೂಲಿ 35,000. ಒಟ್ಟು 41,000. ಎರಡು ಬದಿಯ ರನ್ನರ್ ಮತ್ತು ಮುಂದಿನ ಎರಡು ಫ್ಲೋರ್, ಅಂದರೆ ಕಾಲಿಡುವ ಜಾಗದ ತಗಡು. ಪೇಂಟ್ ಇಲ್ಲ, ಬಂಪರ್ ಇಲ್ಲ, ಸೀಟ್ ಇಲ್ಲ. ಹೊರಗಿಂದ ನೋಡುವವನಿಗೆ ಎಂತ ಮಾಡಿದ್ದಾರೆ ಅಂತಲೇ ಗೊತ್ತಾಗದ ಕೆಲಸಕ್ಕೆ 41,000. ದೊಡ್ಡಮ್ಮನಿಗೆ ಬಿಲ್ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಗಾಡಿ ತೆಗೊಂಡಾಗಲೂ ಇಷ್ಟು ರಗಳೆ ಆಗಿರಲಿಲ್ಲ" ಅಂದರು.

ನನಗೆ ನುಂಗ್ಲಿಕ್ಕೆ ಆಗದೆ ಇದ್ದದ್ದು ಆ ಎರಡು ಅಂಕಿ ಒಂದರ ಕೆಳಗೆ ಒಂದು ಇದ್ದದ್ದು. ಎರಡು ಸಾವಿರದ ತಗಡಿಗೆ ಮೂವತ್ತೈದು ಸಾವಿರದ ಕೂಲಿ! ಯಾವ ಮಾರ್ಕೆಟಿನಲ್ಲಿ ಈ ಲೆಕ್ಕ ಉಂಟು? ಚಿನ್ನದ ಅಂಗಡಿಯಲ್ಲಿ ಸಹ ಮಜೂರಿ ಚಿನ್ನಕ್ಕಿಂತ ಕಡಿಮೆ ಇರ್ತದೆ. ನಾನು ಅಲ್ಲೇ ನಿಂತು ಇದು ಹಗಲು ದರೋಡೆ ಅಂತ ರೆಕಾರ್ಡ್ ಕೂಡ ಮಾಡಿದ್ದೆ. ಗ್ರೈಂಡರಿನ ಶಬ್ದದಲ್ಲಿ ಕೇಳುವುದಿಲ್ಲ, ಒಳ್ಳೆಯದೇ ಆಯಿತು.

ಬಿಡಿಸಿ ನೋಡಿದರೆ ಹೀಗೆ ಉಂಟು. ಆಚಾರ್ರಿಗೆ ದಿನಕ್ಕೆ 1,600, ಜೊತೆಯ ಹುಡುಗನಿಗೆ 900, ಹದಿನಾಲ್ಕು ದಿನ. ದಿನಕ್ಕೆ ಎಂಟು ಗಂಟೆ ಹಿಡಿದರೆ ಇಬ್ಬರಿಗೂ ಸೇರಿ ಗಂಟೆಗೆ 312 ರೂಪಾಯಿ ಚಿಲ್ಲರೆ. ನನ್ನ ಈಗಿನ ಕಾರಿನ ಸರ್ವಿಸಿಂಗ್‌ನಲ್ಲಿ ಕಳೆದ ಸಲ ಎಸಿ ಕ್ಲೀನಿಂಗ್ ಅಂತ ಒಂದು ಸ್ಪ್ರೇ ಡಬ್ಬ ಹೊಡೆದು 1,200 ಹಾಕಿದ್ದರು. ಹತ್ತು ನಿಮಿಷದ ಕೆಲಸ. ಅದನ್ನು ನಾನು ಕಾರ್ಡ್ ಉಜ್ಜಿ ಕೊಟ್ಟು, ಅಲ್ಲಿನ ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಬಂದಿದ್ದೇನೆ. ಎಸಿ ಇರುವ ರೂಮಿನಲ್ಲಿ ಪ್ರಿಂಟ್ ಆಗಿ ಬಂದ ಬಿಲ್ಲಿಗೆ ನಾವು ಚರ್ಚೆಯೇ ಮಾಡುವುದಿಲ್ಲ. ಕೈಯಲ್ಲಿ ಬರೆದು ಕೊಟ್ಟರೆ ಚೌಕಾಸಿ.

ಹದಿನಾಲ್ಕು ದಿನ ಯಾಕೆ ಬೇಕು? ನಾನೂ ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ಹೋಗಿ ಈ ಪೈಪ್ ತೋರಿಸಿದರು. ಬಾಗಿಲಿನ ಎರಡು ಕಂಬಗಳ ನಡುವೆ ಅಡ್ಡ ಕೂರಿಸಿದ್ದಾರೆ ನೋಡಿ. ಪದ್ಮಿನಿಗೆ ಲಾರಿಗೆ ಇರುವ ಥರ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಭಾರವೆಲ್ಲ ಹೊರುವ ಜಾಗಗಳಲ್ಲಿ ಈ ರನ್ನರ್ ಒಂದು. ಅದನ್ನು ಸುಮ್ಮನೆ ಕತ್ತರಿಸಿ ತೆಗೆದರೆ ಗಾಡಿ ನಡುವಲ್ಲಿ ಕುಗ್ಗುತ್ತದೆ, ಆಮೇಲೆ ಹೊಸ ತಗಡು ಎಷ್ಟು ಚಂದ ಹಾಕಿದರೂ ಬಾಗಿಲು ಜನ್ಮದಲ್ಲಿ ಸರಿ ಕೂರುವುದಿಲ್ಲ. ಹಾಗಾಗಿ ಮೊದಲು ಅಡ್ಡಕ್ಕೆ ಪೈಪ್, ಕೆಳಗೆ ಸ್ಟ್ಯಾಂಡ್, ಬಾಗಿಲು ಹಾಕಿ ತೆಗೆದು ಹಾಕಿ ತೆಗೆದು ಸಂದು ಅಳೆಯುವುದು. ತಗಡು ಮುಟ್ಟುವ ಮೊದಲೇ ದಿನಗಳು ಹೋದವು.

ಮತ್ತೆ ಕಂಪನಿಯ ಸ್ಪಾಟ್ ವೆಲ್ಡ್, ಅಂದರೆ ಎರಡು ತಗಡನ್ನು ಚುಕ್ಕಿ ಚುಕ್ಕಿಯಾಗಿ ಸೇರಿಸಿದ ಬೆಸುಗೆ, ಅದನ್ನು ಬಿಡಿಸುವುದು. ಒಂದೊಂದು ಚುಕ್ಕಿಯನ್ನೂ ಡ್ರಿಲ್ ಹಾಕಿ ಬಿಡಿಸಬೇಕು, ಅದೂ ಮೇಲಿನ ತಗಡು ಮಾತ್ರ ತೂತಾಗಬೇಕು, ಹಿಂದಿನದ್ದಕ್ಕೆ ತಾಗಬಾರದು. ಹುಡುಗ ಮಲಗಿಕೊಂಡು ಕಣ್ಣಿಗೆ ಬೀಳುವ ಚೂರು ಒರೆಸ್ತಾ ಮಾಡಿದ್ದಾನೆ. ಇವನಿಗೆ ಕನ್ನಡಕ ಇಲ್ಲವಾ ಅಂತ ಕಾಮೆಂಟ್ ಬರ್ತದೆ, ಗೊತ್ತುಂಟು. ಉಂಟು, ಮಂಡೆ ಮೇಲೆ ಇಟ್ಟಿದ್ದಾನೆ.

ಈ ಶಾಟಿಗೆ ಮಾತ್ರ ಒರಿಜಿನಲ್ ಸೌಂಡ್ ಬಿಟ್ಟಿದ್ದೇನೆ, ಕೇಳಿ... ಟಿಣ್, ಟಿಣ್, ಟಿಣ್, ಡಬ್. ತಗಡಿನ ಹಿಂದೆ ಡಾಲಿ ಅಂತ ಒಂದು ಕಬ್ಬಿಣದ ಗಟ್ಟಿ ಹಿಡಿದು ಮುಂದಿಂದ ಸುತ್ತಿಗೆಯಲ್ಲಿ ಹೊಡೆಯುವುದು. ಡಾಲಿ ಸರೀ ಅಡಿಯಲ್ಲಿ ಇದ್ದರೆ ಟಿಣ್, ಜಾರಿದರೆ ಡಬ್. ಆಚಾರ್ರು ಆಚೆ ತಿರುಗಿ ಚಾ ಕುಡೀತಾ ಹುಡುಗನಿಗೆ "ಜಾರಿತು" ಅಂತ ಹೇಳ್ತಾರೆ, ನೋಡದೆ! ಗ್ಯಾಸ್ ವೆಲ್ಡಿಂಗೂ ಹಾಗೆ. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ತಗಡು ಅಲೆಅಲೆ ಆಗ್ತದೆ. ಇಲ್ಲಿ ಚೂರು, ಅಲ್ಲಿ ಚೂರು, ಒದ್ದೆ ಬಟ್ಟೆ ಒತ್ತಿ ತಣಿಸಿ, ಮತ್ತೆ ಚೂರು. ಈಗ ಎಲ್ಲರೂ ಕರೆಂಟಿನ ಮಿಗ್ ವೆಲ್ಡಿಂಗ್ ಅಂತಾರಲ್ಲ, ಅದು ಬೇಗ ಆಗ್ತದೆ, ಬಿಸಿಯೂ ಕಮ್ಮಿ, ಆದರೆ ಆ ಬೆಸುಗೆ ಗಡುಸು, ಬಡಿದು ಮಟ್ಟ ಮಾಡ್ಲಿಕ್ಕೆ ಕಷ್ಟ, ಉಜ್ಜಿಯೇ ಆಗಬೇಕು. ಗ್ಯಾಸಿನದ್ದು ಮೆತ್ತಗೆ, ಬಡಿದರೆ ಮಾತು ಕೇಳ್ತದೆ.

ಹೊಟ್ಟೆ ಹಸಿದು ನಡುವಲ್ಲಿ ಬನ್ಸ್ ತಿನ್ಲಿಕ್ಕೆ ಹೋದೆ, ಅದರ ಶಾಟ್ ಯಾಕೆ ಇಲ್ಲಿ ಬಂತು ಗೊತ್ತಿಲ್ಲ. ಬನ್ಸ್ ಒಳ್ಳೆದಿತ್ತು. ಮುಂದೆ.

ಬೇರೆ ಕಡೆ ಕೇಳಲಿಲ್ಲವಾ ಅಂತ ಕೇಳ್ತೀರಿ. ಕೇಳಿದ್ದೆ. ಒಬ್ಬರು 15,000ಕ್ಕೆ ಮುಗಿಸುವ ಅಂದರು, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ತುಕ್ಕಿನ ಮೇಲೆ ಫೈಬರ್ ಮ್ಯಾಟ್, ಅದರ ಮೇಲೆ ಪುಟ್ಟಿ, ಅಂದರೆ ತಗ್ಗು ತುಂಬಿಸುವ ಪೇಸ್ಟ್, ಉಜ್ಜಿ ಪೇಂಟ್. ವಾರದಲ್ಲಿ ಗಾಡಿ ಕೈಗೆ. ಮತ್ತೆ ಕಪ್ಪು ಕೋಟಿಂಗ್ ಫ್ರೀ ಅಂತೆ! ಬೇಡಪ್ಪ ಬೇಡ.

ಈ ಪುಟ್ಟಿ ವಿಷಯಕ್ಕೆ ಒಂದು ಸಣ್ಣ ಉಪಾಯ. ಇದು ನಮ್ಮ ಫ್ರಿಡ್ಜಿನ ಮೇಲಿನ ಆಯಸ್ಕಾಂತ, ಗೋವಾದಿಂದ ತಂದದ್ದು, ತೆಂಗಿನಮರದ್ದು. ಉಡುಪಿಯಲ್ಲಿ ಒಂದು ಪದ್ಮಿನಿ ಮಾರ್ಲಿಕ್ಕಿತ್ತು, ಫುಲ್ ರೆಸ್ಟೋರ್ಡ್ ಅಂತೆ, ನಾಲ್ಕೂವರೆ ಲಕ್ಷ. ಬಿಡಿ ಭಾಗಕ್ಕೆ ಎಂತಾದರೂ ಐಡಿಯಾ ಸಿಗ್ತದಾ ಅಂತ ನೋಡ್ಲಿಕ್ಕೆ ಹೋದದ್ದು. ಪಾಲಿಶ್ ಅಂದರೆ ಪಾಲಿಶ್, ಮುಖ ನೋಡಿ ತಲೆ ಬಾಚಬಹುದು. ಬಾಗಿಲ ಕೆಳಗಿನ ಭಾಗಕ್ಕೆ ತೆಂಗಿನಮರ ಇಟ್ಟೆ, ಟಪಕ್ಕಂತ ಕೆಳಗೆ ಬಿತ್ತು. ಇನ್ನೊಂದು ಕಡೆ ಇಟ್ಟೆ, ಮತ್ತೆ ಬಿತ್ತು. ಪುಟ್ಟಿ ದಪ್ಪ ಇದ್ದಲ್ಲಿ ಆಯಸ್ಕಾಂತ ಹಿಡಿಯುವುದಿಲ್ಲ. ಮಾರುವವರು ನನ್ನನ್ನು ನೋಡಿದ ರೀತಿ, ವಿಡಿಯೋ ಇಲ್ಲ, ತೆಗೀಲಿಕ್ಕೆ ಬಿಡಲಿಲ್ಲ. ಹಳೇ ಗಾಡಿ ತೆಗೊಳ್ಳುವವರು ಜೇಬಲ್ಲಿ ಒಂದು ಇಟ್ಟುಕೊಳ್ಳಿ. ಪೇಂಟಿಗೆ ಗೀರು ಬೀಳದ ಹಾಗೆ ಬಟ್ಟೆ ಸುತ್ತಿ, ಬೈಗುಳ ತಿನ್ನಬೇಡಿ.

ತಗಡಿನ ಕೆಲಸ ಎಷ್ಟು ಚಂದ ಮಾಡಿದರೂ ಪುಟ್ಟಿ ಪೂರ್ತಿ ಇಲ್ಲದೆ ಆಗುವುದಿಲ್ಲ. ತೆಳುವಾಗಿ ಒಂದು ಕೈ ಎಲ್ಲರೂ ಎಳೆಯುತ್ತಾರೆ, ಆಚಾರ್ರೂ ಎಳೆಯುತ್ತಾರೆ. ಬೆರಳು ದಪ್ಪ ತುಂಬಿಸಿ ತಗಡಿನ ದುಡ್ಡು ತೆಗೊಳ್ಳುವುದು ಮೋಸ, ಅಷ್ಟೇ.

ನಾನು ಚೌಕಾಸಿ ಮಾಡಿದೆ, ಸುಳ್ಳು ಹೇಳುವುದಿಲ್ಲ. "35ಕ್ಕೆ ಮುಗಿಸುವ ಆಚಾರ್ರೇ, ರೌಂಡ್ ಫಿಗರ್." ಅವರಿಗೆ ಸಿಟ್ಟೇ ಬರಲಿಲ್ಲ. "ಆಯ್ತು, ಆರು ಸಾವಿರ ತೆಗೆಯುವ. ಯಾವ ಕೆಲಸ ಬಿಡಲಿ ಹೇಳಿ?" ತುಳುವಿನಲ್ಲಿ ಇನ್ನೂ ಚಂದ ಇತ್ತು. ನಾನು ಗಾಡಿಯ ಅಡಿ ನೋಡಿದೆ, ಬಿಲ್ ನೋಡಿದೆ. ಬಿಡುವಂಥದ್ದು ಎಂತದ್ದೂ ಇಲ್ಲ. ಜಿಪೇ ಮಾಡಿದೆ.

ಹಾಗಂತ ನನಗೆ ಈ ದಿನಗೂಲಿ ಪದ್ಧತಿ ಪೂರ್ತಿ ಒಪ್ಪಿಗೆ ಇಲ್ಲ. ನಿಧಾನ ಮಾಡಿದಷ್ಟೂ ಅವರಿಗೆ ಲಾಭ ಅಲ್ಲವಾ? ಗುತ್ತಿಗೆಯೇ ವಾಸಿ, ಒಂದು ಮೊತ್ತ ಹೇಳಿ ಮುಗಿಸಿ. ಆದರೆ ಗುತ್ತಿಗೆ ಹೇಳುವವನಿಗೆ ಬಿಚ್ಚುವ ಮೊದಲು ಒಳಗೆ ಎಷ್ಟು ತುಕ್ಕು ಉಂಟು ಅಂತ ಹೇಗೆ ಗೊತ್ತಾಗಬೇಕು? ಹೆದರಿ ಡಬಲ್ ಹೇಳ್ತಾನೆ, ಇಲ್ಲ ಕಮ್ಮಿ ಹೇಳಿ ಒಳಗೆ ಮುಚ್ಚಿ ಹಾಕ್ತಾನೆ. ಸರಿ, ದಿನಗೂಲಿಯೇ ಇರಲಿ. ಆದರೆ ಆಚಾರ್ರು ಮಾಡಿದ ಹಾಗೆ ಮಾಡಬೇಕು. ಮೊದಲು ಬಿಚ್ಚಿ ತೋರಿಸಿದರು, ಆಮೇಲೆ ಅಂದಾಜು ಬರೆದು ಕೊಟ್ಟರು, ಕತ್ತರಿಸುವ ಮೊದಲು ಫೋನ್ ಮಾಡಿದರು, ತೆಗೆದ ಹಳೇ ತಗಡೆಲ್ಲ ಗೋಣಿಯಲ್ಲಿ ತುಂಬಿಸಿ ಡಿಕ್ಕಿಯಲ್ಲಿ ಇಟ್ಟು ಕೊಟ್ಟರು. ಅದನ್ನು ಗುಜರಿಗೆ ಹಾಕಿದರೆ ಬನ್ಸಿನ ದುಡ್ಡು ಬರಬಹುದು. ಮತ್ತೊಂದು ಗಮನಿಸಿದೆ: ಆ ಅಡ್ಡ ಪೈಪಿನ ಫ್ರೇಮ್ ಮಾಡಿದ ಖರ್ಚು ಬಿಲ್ಲಿನಲ್ಲಿ ಇಲ್ಲ. ಕೇಳಿದರೆ "ಅದು ನನ್ನ ಸಾಮಾನು, ಇನ್ನೊಂದು ಫಿಯೆಟ್ಟಿಗೆ ಆಗ್ತದೆ" ಅಂದರು. ಇನ್ನೊಂದು ಫಿಯೆಟ್ ಎಲ್ಲಿಂದ ಬರ್ತದೆ ಮಾರಾಯ್ರೆ? ಮುಂಬೈಯಲ್ಲೇ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಲ್ಲಿ ರಸ್ತೆ ಬಿಟ್ಟಾಯಿತು.

ಆರ್‌ಸಿ ವಿಷಯ ಬೇಗ ಹೇಳಿ ಬಿಡ್ತೇನೆ, ಶಾಟ್ ಹತ್ತು ಸೆಕೆಂಡೇ ಉಂಟು. 20 ವರ್ಷ ದಾಟಿದ ಕಾರಿನ ನವೀಕರಣ ಫೀಸು 2025ರಿಂದ 10,000. ವಿಂಟೇಜ್ ಅಂತ ಮಾಡಿಸಿ ಅನ್ನುವವರಿಗೆ, 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ಆಗಿರಬೇಕು. ನಮ್ಮದಕ್ಕೆ 2034. ಆಗ 20,000 ಕಟ್ಟಿ 'ವಿಎ' ನಂಬರ್ ತೆಗೊಂಡರೂ ದಿನಾ ಪೇಟೆಗೆ ಓಡಿಸುವ ಹಾಗಿಲ್ಲ, ಪ್ರದರ್ಶನ, ರ್ಯಾಲಿ, ರಿಪೇರಿ, ಪೆಟ್ರೋಲು, ಅಷ್ಟಕ್ಕೇ. ಓಡಿಸ್ಲಿಕ್ಕೆ ಇಲ್ಲದ ಗಾಡಿ ಎಂತಕ್ಕೆ?

ಮುಂದಿನದ್ದು ಪೇಂಟ್. ದೊಡ್ಡಮ್ಮನಿಗೆ ಅದೇ ಹಳೇ ಕೆನೆ ಬಣ್ಣವೇ ಆಗಬೇಕು. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಾ ಪಿಯು (ಪಾಲಿಯುರೆಥೇನ್) ಪೇಂಟಾ ಅಂತ ಇನ್ನೂ ತೀರ್ಮಾನ ಆಗಲಿಲ್ಲ. ಪಿಯು ಹೊಳಪು ಹೆಚ್ಚು, ಆದರೆ ಅದನ್ನು ಗಟ್ಟಿ ಮಾಡ್ಲಿಕ್ಕೆ ಬೆರೆಸುವ ಹಾರ್ಡನರ್ ಶ್ವಾಸಕ್ಕೆ ಭಾರಿ ಕೆಟ್ಟದ್ದು, ಸರಿಯಾದ ಮಾಸ್ಕ್ ಇಲ್ಲದೆ ಹೊಡೆಯುವ ಪೇಂಟರಿಗೆ ನಾನಂತೂ ಕೊಡುವುದಿಲ್ಲ.

ಎಡಗಡೆ ಮುಂದಿನ ಬಾಗಿಲಿನ ಹೊರಗಿನ ಹ್ಯಾಂಡಲ್ ಬೇಕಾಗಿದೆ. ನಮ್ಮದರ ಮೇಲೆ ಗುಳ್ಳೆ ಗುಳ್ಳೆ ಬಂದು ಕ್ರೋಮ್ ಎದ್ದು ಹೋಗಿದೆ. ಯಾರ ಹತ್ತಿರ ಆದರೂ ಉಂಟಾದರೆ ಕಾಮೆಂಟಲ್ಲಿ ಫೋಟೋ ಹಾಕಿ, ರೇಟನ್ನೂ ಅಲ್ಲೇ ಬರೀರಿ. "ಇನ್‌ಬಾಕ್ಸಿಗೆ ಬನ್ನಿ" ಅನ್ನುವವರು ಬರುವುದು ಬೇಡ.