ನೆನಪಿಟ್ಟುಕೊಳ್ಳುವ ದ್ರವ: ಶಾಕ್ ಅಬ್ಸಾರ್ಬರ್‌ನೊಳಗೆ ಒಂದು ಗಣಿತದ ಕಗ್ಗಂಟು

[ದೃಶ್ಯ: ಗಾಜಿನ ತಟ್ಟೆಯಲ್ಲಿ ಕಪ್ಪು ದ್ರವ. ಕೆಳಗಿನಿಂದ ಆಯಸ್ಕಾಂತ ಸಮೀಪಿಸಿದಂತೆ ಮೇಲ್ಮೈಯಲ್ಲಿ ಮುಳ್ಳುಗಳು ಏಳುತ್ತವೆ.]

ಈ ದೃಶ್ಯವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಇದರ ಬಗ್ಗೆ ನಮಗೆ ಮತ್ತೆ ಮತ್ತೆ ಬರುವ ಪ್ರಶ್ನೆ: ಕೆಲವು ಕಾರುಗಳ ಶಾಕ್ ಅಬ್ಸಾರ್ಬರ್‌ನಲ್ಲಿ ತುಂಬಿರುವುದೂ ಇದೇ ದ್ರವವೇ?

ಅಲ್ಲ. ಇವೆರಡೂ ಬೇರೆ ಬೇರೆ. ಮುಳ್ಳು ಏಳುವುದು ಫೆರೋಫ್ಲೂಯಿಡ್. ತೂಕವಿಲ್ಲದ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಆಯಸ್ಕಾಂತದಿಂದ ಪಂಪಿನ ಬಾಯಿಗೆ ಎಳೆದು ತರಬಹುದೇ ಎಂದು ಯೋಚಿಸಿ, 1960ರ ದಶಕದ ಆರಂಭದಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಇದನ್ನು ತಯಾರಿಸಿದರು. ಕಾರಿನೊಳಗಿರುವುದು ಮ್ಯಾಗ್ನೆಟೋ-ರಿಯಾಲಾಜಿಕಲ್ ದ್ರವ, ಚಿಕ್ಕದಾಗಿ ಎಂ.ಆರ್. ದ್ರವ. ಇದು ಇನ್ನೂ ಹಳೆಯದು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಜೇಕಬ್ ರಾಬಿನೋ ಇದನ್ನು ಬಳಸಿ ಕ್ಲಚ್ ಮಾಡಿದ್ದರು.

ಎರಡೂ ಎಣ್ಣೆಯಂಥ ದ್ರವದಲ್ಲಿ ಕಾಂತೀಯ ಕಣಗಳನ್ನು ಬೆರೆಸಿದವೇ. ವ್ಯತ್ಯಾಸವೆಲ್ಲ ಕಣದ ಗಾತ್ರದಲ್ಲಿದೆ. ಫೆರೋಫ್ಲೂಯಿಡ್‌ನ ಕಣ ಸುಮಾರು 10 ನ್ಯಾನೋಮೀಟರ್. ಅಷ್ಟು ಸಣ್ಣ ಕಣವನ್ನು ಶಾಖದ ಚಲನೆಯೇ ಸದಾ ಅಲುಗಾಡಿಸುತ್ತಿರುತ್ತದೆ. ಆದ್ದರಿಂದ ಆಯಸ್ಕಾಂತ ಎಷ್ಟೇ ಎಳೆದರೂ ದ್ರವ ದ್ರವವಾಗಿಯೇ ಉಳಿಯುತ್ತದೆ. ಎಂ.ಆರ್. ದ್ರವದಲ್ಲಿರುವ ಕಬ್ಬಿಣದ ಕಣ ಕೆಲವು ಮೈಕ್ರೋಮೀಟರ್‌ನಷ್ಟು ದೊಡ್ಡದು. 5 ಮೈಕ್ರೋಮೀಟರ್ ಎಂದುಕೊಂಡರೆ ಅಡ್ಡಳತೆ 500 ಪಟ್ಟು, ಗಾತ್ರ ಹನ್ನೆರಡೂವರೆ ಕೋಟಿ ಪಟ್ಟು! ಇಲ್ಲಿ ಶಾಖದ ಆಟ ನಡೆಯುವುದಿಲ್ಲ. ಕಾಂತಕ್ಷೇತ್ರ ಬಂದೊಡನೆ ಕಣಗಳು ಒಂದಕ್ಕೊಂದು ಅಂಟಿ ಸರಪಳಿಯಾಗುತ್ತವೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಎಣ್ಣೆ ಬಹುತೇಕ ಘನವಸ್ತುವಿನಂತೆ ಎದುರು ನಿಲ್ಲುತ್ತದೆ. ಆ ಕಾಂತಕ್ಷೇತ್ರವನ್ನು ಉಂಟುಮಾಡುವ ವಿದ್ಯುತ್ ನಿಲ್ಲಿಸಿದರೆ ಮತ್ತೆ ಎಣ್ಣೆ.

[ಚಿತ್ರ: ಪಿಸ್ಟನ್‌ನ ಕಿರಿದಾದ ಸಂದು, ಅದಕ್ಕೆ ಅಡ್ಡಲಾಗಿ ಕಣಗಳ ಸರಪಳಿ]

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಡ್ಯಾಂಪರನ್ನು, ಅಂದರೆ ಶಾಕ್ ಅಬ್ಸಾರ್ಬರ್‌ನಂಥ ಅಲುಗಾಟ ತಗ್ಗಿಸುವ ಸಾಧನವನ್ನು, ನಿಯಂತ್ರಿಸುವ ಕಂಪ್ಯೂಟರ್‌ಗೆ "ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಬಲ" ಎಂಬ ಸೂತ್ರ ಬೇಕು. ಮೊದಲು ಹೊಳೆಯುವುದು ಬಿಂಗಮ್ ಮಾದರಿ. ಟೂತ್‌ಪೇಸ್ಟ್ ಟ್ಯೂಬನ್ನು ಮೆಲ್ಲಗೆ ಒತ್ತಿದರೆ ಏನೂ ಹೊರಬರುವುದಿಲ್ಲ, ಒಂದು ಮಿತಿ ದಾಟಿದ ಮೇಲೆ ಹರಿಯುತ್ತದೆ, ಅಲ್ಲವೇ? ಎಂ.ಆರ್. ದ್ರವವೂ ಹಾಗೆಯೇ, ಆದರೆ ಆ ಮಿತಿಯನ್ನು ಕಾಂತಕ್ಷೇತ್ರ ಏರಿಸುತ್ತದೆ, ಇಳಿಸುತ್ತದೆ. ಮಿತಿಯ ಒತ್ತಡಕ್ಕೆ ಸ್ನಿಗ್ಧತೆಯ (ದ್ರವ ಹರಿಯಲು ಒಡ್ಡುವ ತಡೆಯ) ಪಾಲನ್ನು ಕೂಡಿಸಿದರೆ ಉತ್ತರ ಸಿದ್ಧ. ಒಂದೇ ಸಾಲಿನ ಸಮೀಕರಣ.

ಆದರೆ ಪಿಸ್ಟನ್ ದಿಕ್ಕು ಬದಲಿಸುವ ಕ್ಷಣದಲ್ಲಿ ಈ ಸಮೀಕರಣ ಸೋಲುತ್ತದೆ. ಅದರ ಪ್ರಕಾರ ವೇಗ ಸೊನ್ನೆಯನ್ನು ದಾಟಿದೊಡನೆ ಬಲವೂ ಒಮ್ಮೆಲೇ ಮೇಲಿನಿಂದ ಕೆಳಕ್ಕೆ ಜಿಗಿಯಬೇಕು. ಪ್ರಯೋಗದಲ್ಲಿ ಕಾಣುವುದೇ ಬೇರೆ: ವೇಗ ಅಷ್ಟೇ ಇದ್ದರೂ, ಅದು ಏರುತ್ತಿರುವಾಗ ಒಂದು ಬಲ, ಇಳಿಯುತ್ತಿರುವಾಗ ಇನ್ನೊಂದು. ನಕ್ಷೆ ಗೆರೆಯಾಗದೆ ಕುಣಿಕೆಯಾಗುತ್ತದೆ. ಅಂದರೆ ಡ್ಯಾಂಪರ್ ಈಗ ಎಷ್ಟು ಬಲ ಕೊಡುತ್ತದೆ ಎಂಬುದು ಅದು ಈವರೆಗೆ ಹೇಗೆ ಚಲಿಸಿತು ಎಂಬುದನ್ನೂ ಅವಲಂಬಿಸಿದೆ. ಅದಕ್ಕೊಂದು ನೆನಪಿದೆ!

[ನಕ್ಷೆ: ಬಲ ಮತ್ತು ವೇಗದ ಕುಣಿಕೆ, ನಿಧಾನವಾಗಿ ಬಿಡಿಸುತ್ತ]

ನೆನಪನ್ನು ಸಮೀಕರಣದೊಳಗೆ ತರುವುದು ಹೇಗೆ? ಬೂಕ್–ವೆನ್ ಮಾದರಿಯ ಉಪಾಯ ಸೊಗಸಾಗಿದೆ. ಅಳೆಯಲಾಗದ ಒಂದು ಗುಪ್ತ ಚರವನ್ನು ಸೇರಿಸಿ, ಅದು ಕಾಲಕ್ರಮದಲ್ಲಿ ಹೇಗೆ ಬದಲಾಗಬೇಕು ಎಂಬುದಕ್ಕೆ ಪ್ರತ್ಯೇಕ ಸಮೀಕರಣ ಬರೆಯುತ್ತಾರೆ. ಹಿಂದಿನ ಚಲನೆಯೆಲ್ಲ ಆ ಚರದಲ್ಲಿ ಸಂಗ್ರಹವಾಗುತ್ತ ಹೋಗುತ್ತದೆ. 1997ರಲ್ಲಿ ಸ್ಪೆನ್ಸರ್ ಮತ್ತು ಸಂಗಡಿಗರು ಇದನ್ನು ಪರಿಷ್ಕರಿಸಿ, ದಿಕ್ಕು ಬದಲಾಗುವ ಆ ತೊಡಕಿನ ಜಾಗದಲ್ಲೂ ಪ್ರಯೋಗಕ್ಕೆ ಚೆನ್ನಾಗಿ ಹೊಂದುವ ಮಾದರಿ ಕೊಟ್ಟರು. ಎಂ.ಆರ್. ಡ್ಯಾಂಪರ್ ಬಗ್ಗೆ ಓದಲು ಕುಳಿತವರಿಗೆ ಇಂದಿಗೂ ಅದು ಎದುರಾಗುತ್ತದೆ. ಕಷ್ಟವಿರುವುದು ಅದನ್ನು ತಿರುಗಿಸಿ ಕೇಳುವುದರಲ್ಲಿ: ಈ ಬಲ ಬೇಕು, ಎಷ್ಟು ವಿದ್ಯುತ್ ಕೊಡಲಿ? ನೆನಪಿರುವ ವಸ್ತುವಿಗೆ ಇದರ ಉತ್ತರ ಸುಲಭವಾಗಿ ಸಿಗುವುದಿಲ್ಲ.

ಸಮಯ ಓಡುತ್ತಿದೆ, ಉಪಯೋಗಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕಾರಿಗೆ ಇದು ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ. ಚೀನಾದ ಡೊಂಗ್ಟಿಂಗ್ ಸರೋವರದ ಸೇತುವೆಯಲ್ಲಿ ಮಳೆ-ಗಾಳಿಗೆ ತೂಗಾಡುವ ಕೇಬಲ್‌ಗಳನ್ನು ಎಂ.ಆರ್. ಡ್ಯಾಂಪರ್‌ಗಳು ಹಿಡಿದಿವೆ. ಟೋಕಿಯೊದ ಮಿರಾಯ್ಕನ್ ವಿಜ್ಞಾನ ಸಂಗ್ರಹಾಲಯದ ಕಟ್ಟಡದಲ್ಲಿ ಭೂಕಂಪಕ್ಕಾಗಿಯೂ ಇವೆ. ಎಂಜಿನಿಯರ್‌ಗಳು ಇವನ್ನು ನಂಬಲು ಒಂದು ಕಾರಣವಿದೆ: ಈ ಡ್ಯಾಂಪರ್ ತಾನಾಗಿ ತಳ್ಳುವುದಿಲ್ಲ, ತಡೆಯುತ್ತದೆ ಅಷ್ಟೇ. ಭೂಕಂಪದ ನಡುವೆ ವಿದ್ಯುತ್ ಹೋದರೂ ಸಾಧಾರಣ ಡ್ಯಾಂಪರ್‌ನಂತೆ ಕೆಲಸ ಮುಂದುವರಿಸುತ್ತದೆ. ಫೆರೋಫ್ಲೂಯಿಡ್‌ಗೂ ಕೈತುಂಬ ಕೆಲಸವಿದೆ. ನಿರ್ವಾತ ಯಂತ್ರಗಳ ತಿರುಗುವ ದಂಡದ ಸುತ್ತ ಸೋರಿಕೆ ತಡೆಯುವ ಸೀಲ್ ಆಗಿ, ಧ್ವನಿವರ್ಧಕದ ಸುರುಳಿಯ ಶಾಖ ಹೊರಹಾಕುವ ಮಾಧ್ಯಮವಾಗಿ.

[ದೃಶ್ಯ: ತಿರುಗುವ ಚಕ್ರದ ಮೇಲೆ ದ್ರವದ ಪಟ್ಟಿ, ಅದಕ್ಕೆ ತಾಗುತ್ತಿರುವ ಮಸೂರ]

ಕೊನೆಯದು ಮಸೂರಗಳ ಹೊಳಪು. ಉಜ್ಜುಪುಡಿ ಬೆರೆಸಿದ ಎಂ.ಆರ್. ದ್ರವ ಚಕ್ರದ ಮೇಲೆ ಹರಿದು, ಆಯಸ್ಕಾಂತದ ಬಳಿ ಗಟ್ಟಿಯಾಗಿ, ಗಾಜನ್ನು ಸವೆಸಿ, ಮುಂದೆ ಮತ್ತೆ ದ್ರವವಾಗುತ್ತದೆ. ಸದಾ ಹೊಸ ದ್ರವ ಬರುವುದರಿಂದ ಈ ಉಪಕರಣಕ್ಕೆ ಸವಕಳಿಯಿಲ್ಲ. ಗಾಜಿನ ಯಾವ ಬಿಂದುವಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಕಂಪ್ಯೂಟರ್ ಮೊದಲೇ ಲೆಕ್ಕ ಹಾಕಿರುತ್ತದೆ, ಚಕ್ರ ಆ ಲೆಕ್ಕದಂತೆಯೇ ಸಾಗುತ್ತದೆ.