ಹೆಗಲು ಮುಟ್ಟಿಕೊಳ್ಳದ ಪ್ರೇಕ್ಷಕರು

ಸ್ನೇಹಿತರೇ,

ನಾಟಕದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ರಂಗದ ಕಡೆ ಮುಖ ಮಾಡುತ್ತಾರೆ. ನಾನು ಇವತ್ತು ರಂಗಕ್ಕೆ ಬೆನ್ನು ಹಾಕಿ, ಕತ್ತಲಲ್ಲಿ ಕುಳಿತವರನ್ನು ನೋಡಬೇಕೆಂದಿದ್ದೇನೆ. ಅವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಎಂಬುದೇ ನನ್ನ ವಿಷಯ.

2014ರ ಜೂನ್ ಕೊನೆಯ ವಾರ. ಲಂಡನ್ನಿನ ನ್ಯಾಷನಲ್ ಥಿಯೇಟರ್ ಇದ್ದಕ್ಕಿದ್ದಂತೆ ಒಂದು ಹೊಸ ನಾಟಕವನ್ನು ಪ್ರಕಟಿಸಿತು. ಹೆಸರು 'ಗ್ರೇಟ್ ಬ್ರಿಟನ್', ಬರೆದವರು ರಿಚರ್ಡ್ ಬೀನ್, ನಿರ್ದೇಶಕರು ನಿಕೊಲಸ್ ಹೈಟ್ನರ್. ಜೂನ್ 30ಕ್ಕೆ ಮೊದಲ ಪ್ರದರ್ಶನ. ತಾಲೀಮು ಅಷ್ಟೂ ದಿನ ಗುಟ್ಟಾಗಿ ನಡೆದಿತ್ತು. ಗುಟ್ಟಿಗೆ ಕಾರಣ ನ್ಯಾಯಾಲಯ. 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಯವರು ಜನರ ಫೋನ್ ಸಂದೇಶಗಳನ್ನು ಕದ್ದು ಕೇಳುತ್ತಿದ್ದ ಪ್ರಕರಣದ ವಿಚಾರಣೆ ಎಂಟು ತಿಂಗಳಿಂದ ನಡೆಯುತ್ತಿತ್ತು. ಜ್ಯೂರಿ ಕುಳಿತಿರುವಾಗ ಅದೇ ಸಂಗತಿಯನ್ನು ರಂಗದ ಮೇಲೆ ತಂದರೆ ನ್ಯಾಯಾಂಗ ನಿಂದನೆಯಾಗುವ ಭಯ. ಜೂನ್ 24ರಂದು ತೀರ್ಪು ಬಂತು. ಮಾಜಿ ಸಂಪಾದಕ ಆಂಡಿ ಕೌಲ್ಸನ್ ತಪ್ಪಿತಸ್ಥ, ಅವನಿಗಿಂತ ಮೊದಲು ಸಂಪಾದಕಿಯಾಗಿದ್ದ ರೆಬೆಕಾ ಬ್ರೂಕ್ಸ್ ನಿರ್ದೋಷಿ. ಕೌಲ್ಸನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರ ಸಂವಹನ ನಿರ್ದೇಶಕನಾಗಿದ್ದವನು ಎಂಬುದನ್ನು ನೆನಪಿಡಿ. ಇದು ಪತ್ರಿಕೆಯ ಹಗರಣವಾಗಿಯೇ ಉಳಿಯದೆ ರಾಜಕೀಯದ ಹಗರಣವಾದದ್ದು ಆ ದಾರಿಯಲ್ಲಿ. ಅವನಿಗೆ 18 ತಿಂಗಳ ಶಿಕ್ಷೆಯಾದದ್ದು ಜುಲೈ 4ರಂದು, ನಾಟಕ ಶುರುವಾದ ನಾಲ್ಕು ದಿನಕ್ಕೆ. ಅಂದರೆ ಮೊದಲ ವಾರದ ಪ್ರೇಕ್ಷಕರ ಕೈಗೆ ಬೆಳಗಿನ ಪತ್ರಿಕೆಯ ಮಸಿ ಇನ್ನೂ ಅಂಟಿಕೊಂಡಿತ್ತು.

ಅವರು ನಕ್ಕರು. ಚೆನ್ನಾಗಿಯೇ ನಕ್ಕರು. ನಾಟಕದ ನಡುಮಧ್ಯೆ ಇರುವುದು ಪೇಜ್ ಬ್ರಿಟನ್ ಎಂಬ ಸುದ್ದಿ ಸಂಪಾದಕಿ. ಬಿಲಿ ಪೈಪರ್ ಆ ಪಾತ್ರ ವಹಿಸಿದ್ದರು. ಅವಳು ಆಗಾಗ ಕಥೆಯಿಂದ ಹೊರಬಂದು ನೇರವಾಗಿ ಪ್ರೇಕ್ಷಕರ ಜೊತೆ ಮಾತಿಗಿಳಿಯುತ್ತಾಳೆ. ಪೊಲೀಸರು, ರಾಜಕಾರಣಿಗಳು, ಪತ್ರಿಕೆಯ ಮಾಲೀಕ, ಎಲ್ಲರೂ ಅವಳ ಕಿಸೆಯಲ್ಲಿ. ಪರದೆಯ ಮೇಲೆ ಹುಸಿ ಶೀರ್ಷಿಕೆಗಳು ಒಂದರ ಹಿಂದೊಂದು ಬೀಳುತ್ತವೆ. ಸಂಜೆಯ ಮಟ್ಟಿಗೆ ನಾವು ಅವಳ ಗೆಳೆಯರು.

ಗೆಳೆತನ ಹೀಗೆ ಕುದುರುವುದು ಹೊಸದೇನಲ್ಲ. 1985ರಲ್ಲಿ ಇದೇ ನ್ಯಾಷನಲ್ ಥಿಯೇಟರಿನಲ್ಲಿ ಬ್ರೆಂಟನ್ ಮತ್ತು ಹೇರ್ ಅವರ 'ಪ್ರಾವ್ದಾ' ಬಂದಿತ್ತು. ಪತ್ರಿಕೆಗಳನ್ನು ಒಂದೊಂದಾಗಿ ನುಂಗುವ ಮಾಲೀಕ ಲ್ಯಾಂಬರ್ಟ್ ಲೆ ರೂ ಪಾತ್ರದಲ್ಲಿ ಆಂಥನಿ ಹಾಪ್ಕಿನ್ಸ್. ಅವನ ಮೇಲೆ ಸಿಟ್ಟು ಬರಬೇಕೆಂದು ಬರೆದ ನಾಟಕದಲ್ಲಿ ಜನ ಅವನನ್ನೇ ಕಾಯುತ್ತಾ ಕುಳಿತರು. ಖಳನಿಗೆ ಚಾತುರ್ಯ ಕೊಟ್ಟು ಸಜ್ಜನರಿಗೆ ಬರೀ ಸಂಕಟ ಕೊಟ್ಟರೆ ಇನ್ನೇನಾಗುತ್ತದೆ?

ಇನ್ನೂ ಹಿಂದಕ್ಕೆ ಹೋದರೆ 1728. ಪ್ರಧಾನಿ ರಾಬರ್ಟ್ ವಾಲ್ಪೋಲ್‌ನನ್ನು ಗುರಿಯಾಗಿಟ್ಟುಕೊಂಡ 'ದಿ ಬೆಗರ್ಸ್ ಆಪೆರಾ' ನೋಡಲು ಸ್ವತಃ ವಾಲ್ಪೋಲ್ ಬಂದಿದ್ದನಂತೆ. ಒಂದು ಹಾಡು ಅವನಿಗೇ ತಾಗುವಂತಿತ್ತು, ಸಭೆಯೆಲ್ಲ ಅವನತ್ತ ತಿರುಗಿತು, ಅವನು ಚಪ್ಪಾಳೆ ತಟ್ಟಿ 'ಇನ್ನೊಮ್ಮೆ ಹಾಡಿ' ಎಂದನಂತೆ. ಕಥೆ ನಿಜವೋ ಸುಳ್ಳೋ, ಅದರ ಮುಂದಿನ ಭಾಗವಂತೂ ನಿಜ: ಆ ನಾಟಕದ ಉತ್ತರಭಾಗವಾದ 'ಪಾಲಿ'ಯನ್ನು ಅದೇ ವರ್ಷ ಆಡಲು ಬಿಡಲಿಲ್ಲ, 1737ರಲ್ಲಿ ನಾಟಕಗಳಿಗೆ ಮುಂಚಿತ ಪರವಾನಗಿಯ ಕಾನೂನೇ ಬಂತು. ಆ ಕತ್ತರಿ ಹೋದದ್ದು 1968ರಲ್ಲಿ! ನಕ್ಕ ಅಧಿಕಾರಸ್ಥನನ್ನು ನೋಡಿ ಮೋಸಹೋಗಬಾರದು ಎನ್ನಲು ಈ ಉದಾಹರಣೆ ತಂದೆ. ಮತ್ತೆ ನಮ್ಮ ಸಭಿಕರ ಬಳಿಗೆ ಬರೋಣ.

ಪೇಜ್ ಬ್ರಿಟನ್ 'ನೀವು' ಎಂದಾಗ ಅವರಿಗೆ ಏನನ್ನಿಸಿರಬಹುದು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆ. ಆ ಪ್ರೇಕ್ಷಾಗೃಹದಲ್ಲಿ, ನನ್ನ ಅನುಮಾನ, ಬಹಳ ಜನ ಪಕ್ಕದವನ ಹೆಗಲನ್ನು ನೋಡಿದರು. ನ್ಯಾಷನಲ್ ಥಿಯೇಟರಿಗೆ ಬರುವವರು ತಾವು ಅಂಥ ಪತ್ರಿಕೆ ಮುಟ್ಟುವುದಿಲ್ಲ ಎಂದುಕೊಂಡಿರುವ ಜನ. ಹಾಗಾದರೆ ಓದುತ್ತಿದ್ದವರು ಯಾರು? ಆ ಭಾನುವಾರದ ಪತ್ರಿಕೆ 1950ರ ಸುಮಾರಿಗೆ 80 ಲಕ್ಷ ಪ್ರತಿ ಮೀರಿ ಮಾರುತ್ತಿತ್ತು. ಅದು ಮುಚ್ಚಿದ 2011ರಲ್ಲೂ 25 ಲಕ್ಷಕ್ಕೆ ಮೇಲೆ. 25 ಲಕ್ಷ ಪ್ರತಿಗಳು ತಮ್ಮಷ್ಟಕ್ಕೆ ತಾವೇ ಮಾರಾಟವಾಗುವುದಿಲ್ಲ.

ಕಳ್ಳತನದ ಉಪಾಯವೂ ಅತಿ ಸುಲಭದ್ದು. ಧ್ವನಿಸಂದೇಶದ ಪೆಟ್ಟಿಗೆಗೆ ಕಂಪನಿ ಕೊಟ್ಟ ಮೂಲ ಗುಪ್ತಸಂಖ್ಯೆಯನ್ನು ಬಹಳ ಜನ ಬದಲಿಸುತ್ತಿರಲಿಲ್ಲ. ಒಬ್ಬ ಕರೆ ಮಾಡಿ ಲೈನ್ ಹಿಡಿದಿಡುತ್ತಾನೆ, ಇನ್ನೊಬ್ಬ ಕರೆ ಮಾಡಿ ಸಂದೇಶದ ಪೆಟ್ಟಿಗೆಗೆ ಹೋಗಿ ಆ ಸಂಖ್ಯೆ ಒತ್ತುತ್ತಾನೆ. ಗೋಡೆಗೆ ಕನ್ನ ಹಾಕುವವನು ಇದಕ್ಕಿಂತ ಹೆಚ್ಚು ಬೆವರು ಸುರಿಸುತ್ತಾನೆ.

ನನ್ನನ್ನು ಕಾಡುವ ಸಂಗತಿ ಬೇರೆ. 2007ರಲ್ಲೇ ಇದೇ ಅಪರಾಧಕ್ಕೆ ಆ ಪತ್ರಿಕೆಯ ಒಬ್ಬ ವರದಿಗಾರ ಮತ್ತು ಒಬ್ಬ ಖಾಸಗಿ ಪತ್ತೇದಾರ ಜೈಲಿಗೆ ಹೋಗಿದ್ದರು. ಆಗ ಕದ್ದು ಕೇಳಿದ್ದು ಅರಮನೆಯವರ ಮತ್ತು ಹೆಸರುವಾಸಿಗಳ ಮಾತುಗಳನ್ನು. ದೇಶ ತುಟಿಯಂಚಿನಲ್ಲಿ ನಕ್ಕು ಪುಟ ತಿರುವಿತು. 2011ರ ಜುಲೈ 4ರಂದು 'ಗಾರ್ಡಿಯನ್' ಇನ್ನೊಂದು ಸುದ್ದಿ ಪ್ರಕಟಿಸಿತು: 2002ರಲ್ಲಿ ಕಾಣೆಯಾಗಿ ಕೊಲೆಯಾದ 13 ವರ್ಷದ ಮಿಲಿ ಡೌಲರ್ ಎಂಬ ಹುಡುಗಿಯ ಫೋನನ್ನೂ ಕೇಳಿದ್ದರು. ಮನೆಯವರು ಅವಳಿಗಾಗಿ ಹುಡುಕುತ್ತಿದ್ದ ದಿನಗಳಲ್ಲಿ. ಆರು ದಿನ ಕಳೆಯುವಷ್ಟರಲ್ಲಿ, ಜುಲೈ 10ರಂದು, 168 ವರ್ಷದ ಪತ್ರಿಕೆಯ ಕೊನೆಯ ಸಂಚಿಕೆ ಹೊರಬಂತು. ಅದನ್ನು ಕೊಳ್ಳಲು ಆ ದಿನಗಳ ಮಾಮೂಲಿಗಿಂತ ಹೆಚ್ಚು ಜನ ಬಂದರು ಎಂಬುದನ್ನೂ ಹೇಳಿಬಿಡುತ್ತೇನೆ.

'ಗ್ರೇಟ್ ಬ್ರಿಟನ್' ಕೂಡ ಹೀಗೇ ಸಾಗುತ್ತದೆ. ಮೊದಲು ಹೆಸರುವಾಸಿಗಳು, ನಗು. ಆಮೇಲೆ ಕಾಣೆಯಾದ ಮಕ್ಕಳು, ನಗುವಿಗೆ ತಡೆ. ನಾಟಕದ ಹಾಸ್ಯ ತೀರಾ ಒರಟು, ಸಿಟ್ಟು ಸಾಲದು, ಕೊನೆಗೆ ಬರುವ ಗಾಂಭೀರ್ಯ ಹೊಂದುವುದಿಲ್ಲ ಎಂಬ ಆಕ್ಷೇಪ ಆಗಲೇ ಬಂದಿತ್ತು. ಆ ಹಾಸ್ಯ ಒರಟೆಂಬುದನ್ನು ನಾನೂ ಒಪ್ಪುತ್ತೇನೆ. ಹೊಂದದಿರುವುದನ್ನು ಮಾತ್ರ ದೋಷವೆನ್ನಲಾರೆ. ದೇಶವೂ ಹೊಂದಿಕೆಯಾಗಿ ನಡೆದುಕೊಂಡಿರಲಿಲ್ಲ. ಸಭೆಯಲ್ಲಿ ಒಂದೇ ಸಂಜೆಯಲ್ಲಿ ಆದದ್ದು ಹೊರಗೆ ನಾಲ್ಕು ವರ್ಷ ತೆಗೆದುಕೊಂಡಿತ್ತು, ಅಷ್ಟೇ.

ಜೇಮ್ಸ್ ಗ್ರಹಾಮ್ ಅವರ 'ಇಂಕ್' 2017ರಲ್ಲಿ ಬಂತು. 'ನ್ಯೂಸ್ ಆಫ್ ದಿ ವರ್ಲ್ಡ್' ಮಾಲೀಕ ರೂಪರ್ಟ್ ಮರ್ಡೋಕ್ 1969ರಲ್ಲಿ 'ದಿ ಸನ್' ಪತ್ರಿಕೆಯನ್ನೂ ಕೊಂಡ ಕಥೆ. ಮೊದಲರ್ಧದಲ್ಲಿ ಹೊಸ ಪತ್ರಿಕೆ ಕಟ್ಟುವ ಹುರುಪು ಎಷ್ಟಿದೆಯೆಂದರೆ ಯಾರಿಗಾದರೂ ಆ ಕಚೇರಿಯಲ್ಲಿ ಕೆಲಸ ಸಿಗಬಾರದೇ ಎನ್ನಿಸುತ್ತದೆ. ಆಮೇಲೆ ಆ ವರ್ಷದ ಕೊನೆಯಲ್ಲಿ ನಡೆದ ಮ್ಯೂರಿಯಲ್ ಮೆಕೆಯವರ ಅಪಹರಣ. ಅವರು ಸಂಸ್ಥೆಯ ಉಪಾಧ್ಯಕ್ಷರ ಹೆಂಡತಿ. ಮರ್ಡೋಕರ ಹೆಂಡತಿ ಎಂದು ತಪ್ಪು ತಿಳಿದು ಎತ್ತಿಕೊಂಡು ಹೋದದ್ದು. ಪತ್ರಿಕೆ ತನ್ನ ಮನೆಯ ಸಂಕಟವನ್ನೇ ಸುದ್ದಿಯಾಗಿ ಮಾರಬೇಕಾಗುತ್ತದೆ. ಇಲ್ಲಿ ಗ್ರಹಾಮ್ ಬೀನ್‌ಗಿಂತ ಜಾಣರು: ಮೊದಲು ನಮ್ಮನ್ನು ಪಾಲುದಾರರನ್ನಾಗಿ ಮಾಡಿಕೊಂಡು, ಆಮೇಲೆ ಲೆಕ್ಕ ತೆಗೆಯುತ್ತಾರೆ.

ನಾಟ್ಯಶಾಸ್ತ್ರದಲ್ಲಿ ಭರತ ಪ್ರೇಕ್ಷಕರ ಪ್ರತಿಕ್ರಿಯೆಗಳ ಪಟ್ಟಿಯನ್ನೇ ಕೊಡುತ್ತಾನೆ. ಮುಗುಳುನಗೆ, ಅರ್ಧನಗೆ, ಅಬ್ಬರದ ನಗೆ, 'ಸಾಧು', 'ಅಹೋ', 'ಅಯ್ಯೋ ಕಷ್ಟ' ಎಂಬ ಉದ್ಗಾರ, ಮೈ ಪುಳಕ, ಎದ್ದು ನಿಲ್ಲುವುದು. ಇವೆಲ್ಲ ಮಾನುಷೀ ಸಿದ್ಧಿ, ಅಂದರೆ ನಾಟಕ ಗೆದ್ದಿತೆಂದು ಮನುಷ್ಯರು ತೋರುವ ಗುರುತು. ಸಭೆ ತುಂಬಿರಬೇಕು, ಆದರೆ ಸದ್ದಿರಬಾರದು, ಕದಲಿಕೆ ಇರಬಾರದು. ಅದು ದೈವಿಕೀ ಸಿದ್ಧಿ, ದೈವದ ಗೆಲುವು. ಇವನ್ನೆಲ್ಲ ಬರೆದುಕೊಳ್ಳಲು ಲೇಖಕ, ಎಣಿಸಲು ಗಣಕ ಎಂದು ಇಬ್ಬರನ್ನು ಸಭೆಯಲ್ಲಿ ಕೂರಿಸುವ ಏರ್ಪಾಡೂ ಅಲ್ಲಿದೆ.

ಆ ಇಬ್ಬರನ್ನು 'ಗ್ರೇಟ್ ಬ್ರಿಟನ್' ಆಡಿದ, ಸುಮಾರು 890 ಆಸನಗಳ ಲಿಟಲ್ಟನ್ ರಂಗಮಂದಿರದ ಮೂಲೆಯಲ್ಲಿ ಕೂರಿಸಿದರೆ ಹೇಗಿರುತ್ತದೆ ಎಂದು ನಾನು ಕಲ್ಪಿಸಿಕೊಳ್ಳುತ್ತೇನೆ. ಮೊದಲ ಅಂಕದುದ್ದಕ್ಕೂ ಗಣಕನಿಗೆ ಬಿಡುವಿಲ್ಲ, ನಗೆಯ ಗೀಟುಗಳಿಂದ ಹಾಳೆ ತುಂಬುತ್ತದೆ. ಮಕ್ಕಳ ಪ್ರಸಂಗ ಬರುತ್ತಲೇ ಕೈ ನಿಲ್ಲುತ್ತದೆ. ಆ ಮೌನವನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು ಅವನು ಪಕ್ಕದ ಲೇಖಕನನ್ನು ಕೇಳುತ್ತಾನೆ. ದೈವಿಕೀ ಎಂದು ಬರೆಯಲು ಲೇಖಕನಿಗೂ ಧೈರ್ಯ ಸಾಲದು. ಈ ಜನ ಇಷ್ಟು ಹೊತ್ತು ನಗುತ್ತಿದ್ದುದನ್ನು ಅವನೂ ಕೇಳಿದ್ದಾನೆ.