ಗಲ್ಲಾದ ಹತ್ತಿರ ಕೇಳುವುದು, ಕಚೇರಿಯಲ್ಲಿ ಕೇಳುವುದು

ಕೇಳುಗರೇ, ನಮಸ್ಕಾರ.

ಮುಂಬಯಿಯ ಕನ್ನಡಿಗರು ಧಂಧೆ ಕಲಿತದ್ದು ಕ್ಲಾಸಿಗೆ ಹೋಗಿ ಅಲ್ಲ. ಉಡುಪಿ, ಕುಂದಾಪುರ, ಕಾರ್ಕಳ ಕಡೆಯ ಹುಡುಗ ಯಾರದೋ ಜೊತೆ ಬಂದು ಹೋಟೆಲ್ ಸೇರುತ್ತಿದ್ದ. ಮೊದಲು ಕಪ್ಪು ಬಸಿ ತೊಳೆಯುವ ಕೆಲಸ. ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈ. ರಾತ್ರಿಯಾದರೆ ಕನ್ನಡ ರಾತ್ರಿಶಾಲೆ. ಸೇಟರಿಗೆ ನಂಬಿಕೆ ಬಂದ ಮೇಲೆ ಗಲ್ಲಾದಲ್ಲಿ ಕೂರಿಸುತ್ತಿದ್ದರು. ಗಲ್ಲಾದಲ್ಲಿ ಕೂತವನಿಗೆ ಏನು ತಾನೇ ತಿಳಿಯುವುದಿಲ್ಲ? ಹಾಲಿಗೆ ಎಷ್ಟು ಹೋಗುತ್ತದೆ, ಗ್ಯಾಸಿಗೆ ಎಷ್ಟು ಹೋಗುತ್ತದೆ, ಜುಲೈ ಮಳೆಯಲ್ಲಿ ಗಿರಾಕಿ ಎಷ್ಟು ಕಡಿಮೆಯಾಗುತ್ತಾರೆ, ಯಾರ ಉಧಾರ, ಅಂದರೆ ಉದ್ರಿ, ವಾಪಸ್ ಬರುವುದಿಲ್ಲ, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಕೊನೆಗೆ ಅವನೇ ಒಂದು ಸಣ್ಣ ಹೋಟೆಲನ್ನು ಕಂಡಕ್ಟಿಂಗ್ ಮೇಲೆ, ಅಂದರೆ ಮಾಲೀಕರಿಗೆ ಇಷ್ಟು ಅಂತ ಕೊಟ್ಟು ನಡೆಸುವ ಕರಾರಿನ ಮೇಲೆ, ಹಿಡಿಯುತ್ತಿದ್ದ.

ಈಗ ಕಾಲ ಬೇರೆ. ಮೀರಾ ರೋಡಿನ ಹುಡುಗಿಗೆ ಕೇಕ್ ಅಂಗಡಿ ಹಾಕುವ ಆಸೆ. ನವಿ ಮುಂಬಯಿಯ ಹುಡುಗನಿಗೆ ಎಸಿ ರಿಪೇರಿಯ ಸ್ವಂತ ಕೆಲಸ ಬೇಕು. ಇವರಿಗೆ ಕೂರಲು ಯಾರ ಗಲ್ಲಾವೂ ಇಲ್ಲ. ಹಾಗಾಗಿ ಮೊಬೈಲ್ ತೆಗೆದು ಹುಡುಕುತ್ತಾರೆ. ಹುಡುಕಿದರೆ ಮೇಲ್ಮೇಲೆ ಬರುವುದು ಜಾಹೀರಾತು. "ಲೈಸೆನ್ಸ್ ಮಾಡಿಕೊಡುತ್ತೇವೆ, ಸಾಲ ಮಾಡಿಕೊಡುತ್ತೇವೆ, ಇಷ್ಟು ಕೊಡಿ." ಇನ್ನೊಂದು ಕಡೆ ಸಂಬಂಧಿಕರು. "ನಮ್ಮ ಕಾಲದಲ್ಲಿ ಹೀಗಿತ್ತು, ಅದೇನೂ ಬೇಕಾಗುವುದಿಲ್ಲ, ಸುಮ್ನೆ ಶುರು ಮಾಡು" ಅನ್ನುತ್ತಾರೆ.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ. ಧಂಧೆಯ ಲೆಕ್ಕವನ್ನು ಧಂಧೆ ಮಾಡುವವರ ಹತ್ತಿರ ಕೇಳಿ. ಕಾಯ್ದೆ, ಸಾಲ, ಸಬ್ಸಿಡಿಯ ಮಾತನ್ನು ಕಚೇರಿಯಲ್ಲೇ ಕೇಳಿ. ಇದನ್ನು ಅದಲು ಬದಲು ಮಾಡಿದವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು.

ಉದಾಹರಣೆಗೆ ಡೊಂಬಿವಲಿಯಲ್ಲಿ ಒಬ್ಬ ಅಕ್ಕ ಇದ್ದಾರೆ ಅಂದುಕೊಳ್ಳಿ. ಅವರ ಸಾರಿನ ಪುಡಿ, ಹುಳಿಪುಡಿ ಬಿಲ್ಡಿಂಗಿನಲ್ಲೆಲ್ಲ ಹೆಸರುವಾಸಿ. ಇದನ್ನೇ ಪ್ಯಾಕೆಟ್ ಮಾಡಿ ಅಂಗಡಿಗೆ ಕೊಡಬೇಕು ಅಂತ ಅವರ ಮನಸ್ಸು. ಎಲ್ಲಿಂದ ಶುರು ಮಾಡುವುದು?

ಮೊದಲು ಪೇಟೆಗೆ. ವಾಶಿಯ ಎಪಿಎಂಸಿಯಲ್ಲಿ ಮಸಾಲೆ ಮಾರ್ಕೆಟ್ ಇದೆ. ಮಸ್ಜಿದ್ ಬಂದರಿನ ಗಲ್ಲಿಗಳಲ್ಲೂ ಸಗಟು ವ್ಯಾಪಾರಿಗಳಿದ್ದಾರೆ. ಅಲ್ಲಿ ಮೆಣಸು, ಕೊತ್ತಂಬರಿ ಬೀಜದ ರೇಟು ಮಾತ್ರ ಕೇಳಿ ಬಂದರೆ ಆಗುವುದು ಅರ್ಧ ಕೆಲಸ ಅಷ್ಟೇ. ಯಾವ ತಿಂಗಳಲ್ಲಿ ರೇಟು ಏರುತ್ತದೆ, ಹೊಸ ಮಾಲು ಯಾವಾಗ ಬರುತ್ತದೆ, ಸಣ್ಣ ಪುಡಿ ವ್ಯಾಪಾರದವರು ಎಷ್ಟು ಕಿಲೋದಿಂದ ಶುರು ಮಾಡುತ್ತಾರೆ ಅಂತಲೂ ಕೇಳಬೇಕು. ಸಗಟು ವ್ಯಾಪಾರಿಗೆ ಒಂದು ವಿಷಯ ಬಹಳ ಚೆನ್ನಾಗಿ ಗೊತ್ತಿರುತ್ತದೆ. ಯಾರು ಮೊದಲು ಜಾಸ್ತಿ ಕೊಳ್ಳುತ್ತಿದ್ದರು, ಈಗ ಬರುವುದೇ ಇಲ್ಲ ಅನ್ನುವುದು. ಅಂಥವರನ್ನು ಹುಡುಕಿ ಮಾತಾಡಿಸಿ. ಗೆದ್ದವರು ಚೆಂದದ ಕಥೆ ಹೇಳುತ್ತಾರೆ. ಅಂಗಡಿ ಮುಚ್ಚಿದವರು ಲೆಕ್ಕ ಹೇಳುತ್ತಾರೆ.

ಆಮೇಲೆ ನಮ್ಮ ಸಂಘಗಳು. ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಭವನ, ಇಲ್ಲಿಗೆಲ್ಲ ನಾವು ಯಕ್ಷಗಾನಕ್ಕೆ, ನಾಟಕಕ್ಕೆ, ಸನ್ಮಾನಕ್ಕೆ ಹೋಗುತ್ತೇವೆ. ಪಕ್ಕದ ಕುರ್ಚಿಯಲ್ಲಿ ಕೂತವರು ಹೋಟೆಲಿನವರೋ, ಕೇಟರಿಂಗ್‌ನವರೋ ಆಗಿರುತ್ತಾರೆ. ಊಟದ ಸಾಲಿನಲ್ಲಿ ಊರು ಯಾವುದು ಅಂತ ಕೇಳಿ ಸುಮ್ಮನಾಗುತ್ತೇವೆ. ಧಂಧೆಯ ಪ್ರಶ್ನೆ ಕೇಳಲು ಸಂಕೋಚ. ಕೇಳುವ ರೀತಿಯೂ ಒಂದಿದೆ. "ಲಾಭ ಎಷ್ಟು ಅಣ್ಣ?" ಅಂದರೆ ಯಾರೂ ಹೇಳುವುದಿಲ್ಲ. "ತಿಂಗಳ ಬಾಡಿಗೆ ಎಷ್ಟು ದಿನದ ಗಲ್ಲಾದಲ್ಲಿ ಹುಟ್ಟುತ್ತದೆ?" ಅಂತ ಕೇಳಿ ನೋಡಿ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳುತ್ತಾರೆ. "ಮಾಲು ಹಾಕಿದ ಅಂಗಡಿಯವರು ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ? ಮಾರಾಟವಾಗದ್ದನ್ನು ವಾಪಸ್ ಕೊಡುತ್ತಾರಾ?" ಇವೂ ಕೇಳಬೇಕಾದ ಪ್ರಶ್ನೆಗಳೇ. ಪುಡಿ ಮಾಡುವ ಅಕ್ಕನಿಗೆ ಅವುಗಳ ಉತ್ತರ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ.

ಆದರೆ ಅದೇ ಅಣ್ಣ "ಲೈಸೆನ್ಸ್ ಗಿಯ್ಸೆನ್ಸ್ ಆಮೇಲೆ ನೋಡಿಕೊಂಡರಾಯಿತು" ಅಂದರೆ ಅಲ್ಲಿಗೆ ಕೈಮುಗಿದು ಎದ್ದು ಬನ್ನಿ. ಯಾಕೆ ಅಂತ ಹೇಳುತ್ತೇನೆ.

ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಅಂತ ಒಂದಿದೆ. 2008ರಲ್ಲಿ ಶುರುವಾದದ್ದು. ಪಿಎಂಇಜಿಪಿ ಅಂದರೆ ಜಾಸ್ತಿ ಜನಕ್ಕೆ ಗೊತ್ತು. ಇದನ್ನು ಇಡೀ ದೇಶದಲ್ಲಿ ನೋಡಿಕೊಳ್ಳುವುದು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ. ಅದರ ಮುಖ್ಯ ಕಚೇರಿ ಬೇರೆಲ್ಲೂ ಅಲ್ಲ, ನಮ್ಮ ವಿಲೆಪಾರ್ಲೆಯಲ್ಲೇ ಇದೆ. ತಯಾರಿಕೆಯ ಕೆಲಸಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆ, ಸೇವೆಯ ಕೆಲಸಕ್ಕೆ 20 ಲಕ್ಷದವರೆಗಿನ ಯೋಜನೆ ಇದರಲ್ಲಿ ಹಾಕಬಹುದು. ಶಹರದಲ್ಲಿರುವ ಮಹಿಳೆಗೆ ಯೋಜನಾ ವೆಚ್ಚದ ಶೇಕಡಾ 25 ಸಬ್ಸಿಡಿ. ಹಳ್ಳಿಯಲ್ಲಾದರೆ ಶೇಕಡಾ 35. ಕೈಯಿಂದ ಹಾಕಬೇಕಾದದ್ದು ಬರೀ ಶೇಕಡಾ 5. ಸಾಮಾನ್ಯ ವರ್ಗದ ಗಂಡಸರಿಗೆ ಶಹರದಲ್ಲಿ 15, ಹಳ್ಳಿಯಲ್ಲಿ 25, ಕೈಯಿಂದ 10.

ಅಕ್ಕನ ಲೆಕ್ಕಕ್ಕೆ ಬರೋಣ. ಪುಡಿ ಮಾಡುವ ಯಂತ್ರ, ಹುರಿಯುವ ಯಂತ್ರ, ಪ್ಯಾಕಿಂಗ್ ಯಂತ್ರ, ಮೊದಲ ಮಾಲು, ಎಲ್ಲ ಸೇರಿ 4 ಲಕ್ಷ ಅನ್ನಿ. ಅವರು ಹಾಕುವುದು 20 ಸಾವಿರ. ಉಳಿದ 3 ಲಕ್ಷ 80 ಸಾವಿರ ಬ್ಯಾಂಕಿನ ಸಾಲ. ಸಬ್ಸಿಡಿಯ 1 ಲಕ್ಷ ಅವರ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ. ಅಷ್ಟು ಸಾಲಕ್ಕೆ ಬಡ್ಡಿ ಹಾಕುವುದಿಲ್ಲ. ಘಟಕ ಸರಿಯಾಗಿ ನಡೆದರೆ ಕೊನೆಗೆ ಸಾಲಕ್ಕೆ ಜಮಾ ಆಗುತ್ತದೆ. "ಸಬ್ಸಿಡಿ ದುಡ್ಡಿನಲ್ಲಿ ಮಗಳ ಮದುವೆ" ಅಂತ ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ.

ಈಗ ಮುಖ್ಯ ವಿಷಯ. ಈ ಯೋಜನೆಯ ಮೊದಲ ಸಾಲ ಹೊಸ ಘಟಕಕ್ಕೆ ಮಾತ್ರ. ಮೊದಲು ಕೆಲಸ ಶುರು ಮಾಡಿ, ಎರಡು ವರ್ಷ ನಡೆಸಿ, ಆಮೇಲೆ ಸಬ್ಸಿಡಿ ಕೇಳಲು ಹೋದರೆ ಬಾಗಿಲು ಮುಚ್ಚಿರುತ್ತದೆ. "ಸುಮ್ನೆ ಶುರು ಮಾಡು" ಅನ್ನುವ ಮಾತಿಗೆ ಎಷ್ಟು ಬೆಲೆ ಕೊಡಬೇಕಾಗುತ್ತದೆ ನೋಡಿ. ನಮ್ಮ ಅಕ್ಕನಿಗೆ ಅದರ ಬೆಲೆ ಬರೋಬ್ಬರಿ 1 ಲಕ್ಷ. ಹೋಟೆಲಿನ ಯೋಚನೆ ಇರುವವರೂ ಕೇಳಿ, ಮದ್ಯ ಕೊಡುವ ಹೋಟೆಲಿಗೆ ಇದು ಇಲ್ಲ. ಇನ್ನೊಂದು, ಇಂಥ ಯೋಜನೆಗಳ ಅವಧಿಯೂ ಅಂಕಿಯೂ ಆಗಾಗ ಬದಲಾಗುತ್ತವೆ. ಹೋದ ವರ್ಷ ಯಾರೋ ಹೇಳಿದ್ದನ್ನು ನೆನಪಿಟ್ಟುಕೊಂಡು ಹೋಗಬೇಡಿ. ನೀವು ಅರ್ಜಿ ಹಾಕುವ ವಾರ ಏನಿದೆ ಅಂತ ಕೇಳಿಯೇ ಮುಂದುವರಿಯಿರಿ.

ಎಲ್ಲಿ ಕೇಳುವುದು? ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ. ಡೊಂಬಿವಲಿ, ಕಲ್ಯಾಣ, ಮೀರಾ ರೋಡಿನವರಿಗೆ ಠಾಣೆ ಜಿಲ್ಲೆಯ ಕೇಂದ್ರ. ಕೇಂದ್ರ ಸರ್ಕಾರದ ಸಣ್ಣ ಉದ್ಯಮ ಇಲಾಖೆಯ ಕಚೇರಿ ಬೇಕೆಂದರೆ ಸಾಕಿನಾಕಾದಲ್ಲಿ, ಕುರ್ಲಾ ಅಂಧೇರಿ ರಸ್ತೆಯಲ್ಲಿದೆ. ಮಹಾರಾಷ್ಟ್ರ ಸರ್ಕಾರದ್ದೇ ಮುಖ್ಯಮಂತ್ರಿ ಉದ್ಯೋಗ ಯೋಜನೆಯೂ ಇದೆ. ಆದರೆ ಅದಕ್ಕೆ ರಾಜ್ಯದ ಡೊಮಿಸೈಲ್, ಅಂದರೆ ಇಲ್ಲಿನ ನಿವಾಸಿ ಅನ್ನುವ ಪ್ರಮಾಣಪತ್ರ, ಬೇಕು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕಷ್ಟವಿಲ್ಲ, ಕಾಗದ ಮಾಡಿಸಿಟ್ಟುಕೊಂಡಿರಬೇಕು ಅಷ್ಟೇ.

ಅರ್ಜಿಯ ಜೊತೆ ಕೊಡಬೇಕಾದ ಪ್ರಾಜೆಕ್ಟ್ ರಿಪೋರ್ಟ್ ಅಂದ ಕೂಡಲೇ ಜನ ಹೆದರುತ್ತಾರೆ. ಹೆದರಿದವರಿಂದ ದುಡ್ಡು ತೆಗೆಯುವವರೂ ಇದ್ದಾರೆ. ಖಾದಿ ಆಯೋಗದ ವೆಬ್‌ಸೈಟಿನಲ್ಲಿ ಮಸಾಲೆ ಪುಡಿಯಿಂದ ಹಿಡಿದು ನೂರಾರು ಕೆಲಸಗಳ ಮಾದರಿ ವರದಿಗಳು ಪುಕ್ಕಟೆಯಾಗಿವೆ. ಅದನ್ನು ಇಳಿಸಿಕೊಂಡು ನಿಮ್ಮ ಬಾಡಿಗೆ, ನಿಮ್ಮ ಕರೆಂಟ್ ಬಿಲ್ಲು, ವಾಶಿಯಲ್ಲಿ ಕೇಳಿಬಂದ ರೇಟು ಹಾಕಿ ಬರೆಯಿರಿ. ಕೊಂಡ ವರದಿಯ ಬಗ್ಗೆ ಬ್ಯಾಂಕ್ ಮ್ಯಾನೇಜರ್ ಎರಡು ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತದೆ. ಸ್ವಂತ ಬರೆದದ್ದಾದರೆ ಮೂರನೆಯ ಪ್ರಶ್ನೆಗೂ ಉತ್ತರ ಇರುತ್ತದೆ.

ಅಷ್ಟು ದೊಡ್ಡ ಯೋಜನೆ ಬೇಡ, ಸ್ವಲ್ಪ ಸಾಲ ಸಾಕು ಅನ್ನುವವರಿಗೆ ಮುದ್ರಾ. 2015ರ ಏಪ್ರಿಲ್‌ನಲ್ಲಿ ಬಂದದ್ದು. 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೂ ಇದೆ. ಮುದ್ರಾ ಅನ್ನುವ ಸಂಸ್ಥೆ ನೇರವಾಗಿ ನಮಗೆ ಸಾಲ ಕೊಡುವುದಿಲ್ಲ, ಬ್ಯಾಂಕುಗಳೇ ಕೊಡುವುದು. "ಮುದ್ರಾ ಆಫೀಸಿನಿಂದ ಮಾತಾಡುತ್ತಿದ್ದೇನೆ, ಫೀಸು ಕಳಿಸಿ" ಅಂತ ಫೋನ್ ಬಂದರೆ ಇಟ್ಟುಬಿಡಿ. 10 ಲಕ್ಷದವರೆಗಿನ ಇಂಥ ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಹಳೆಯ ಸಾಲದ ಚರಿತ್ರೆ ನೋಡಿಯೇ ನೋಡುತ್ತಾರೆ. ಆ ಚರಿತ್ರೆಯನ್ನು ಬರೆದಿಡುವ ಸಿಬಿಲ್‌ನಂಥ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಲೇಬೇಕು. ಬ್ಯಾಂಕಿಗೆ ಹೋಗುವ ಮೊದಲೇ ಅದನ್ನು ತೆಗೆದು ನೋಡಿ.

ನಮ್ಮ ಹಿರಿಯರಿಗೆ ಬ್ಯಾಂಕ್ ಅಂದರೆ ಊರಿನ ಬ್ಯಾಂಕ್. ಸಿಂಡಿಕೇಟ್ ಕೆನರಾದೊಳಗೆ ಹೋಯಿತು, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ, ವಿಜಯಾ ಬ್ಯಾಂಕ್ ಬರೋಡಾದೊಳಗೆ. ಕೌಂಟರಿನಲ್ಲಿ ತುಳು, ಕನ್ನಡ ಕೇಳುವುದು ಕಡಿಮೆಯಾಗಿದೆ. ಬಿಲ್ಲವರು 1978ರಲ್ಲಿ ಶುರು ಮಾಡಿದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಇನ್ನೂ ಇದೆ. ಆದರೂ ಒಂದೇ ಬ್ಯಾಂಕ್ ಕೇಳಿ ಕೂರಬೇಡಿ. ಬಡ್ಡಿ ಒಂದೊಂದು ಕಡೆ ಒಂದೊಂದು ಥರ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ 2020ರ ಜುಲೈನಿಂದ ಇದೆ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಬಹುದು. ಒಂದು ಪೈಸೆ ಫೀಸು ಇಲ್ಲ. ಸರ್ಕಾರಿ ಸೈಟಿನ ವಿಳಾಸ ಡಾಟ್ ಜಿಓವಿ ಡಾಟ್ ಇನ್ ಅಂತ ಮುಗಿಯುತ್ತದೆ. ಹಾಗೆ ಮುಗಿಯದೆ, ಅದೇ ಬಣ್ಣ, ಅದೇ ಫಾರ್ಮ್ ಇಟ್ಟುಕೊಂಡು ದುಡ್ಡು ಕೇಳಿದರೆ ಅದು ಖಾಸಗಿಯವರದು. ತಿನ್ನುವ ಪದಾರ್ಥ ಮಾಡುವವರಿಗೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐಯ ನೋಂದಣಿ ಬೇಕೇ ಬೇಕು, ಮನೆಯ ಅಡಿಗೆಮನೆಯಾದರೂ. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ. ಸಿಗುವ 14 ಅಂಕಿಯ ನಂಬರನ್ನು ಪ್ಯಾಕೆಟ್ ಮೇಲೆ ಹಾಕಬೇಕು. ತೂಕ, ಎಂಆರ್‌ಪಿ, ತಯಾರಿಸಿದ ದಿನ, ಒಳಗೇನಿದೆ, ಹಸಿರು ಚುಕ್ಕೆ, ಇವೂ ಬೇಕು. ಸ್ಟಿಕರ್ ಸಾವಿರಗಟ್ಟಲೆ ಛಾಪಿಸುವ ಮೊದಲು ಇದನ್ನು ನೋಡಿಕೊಳ್ಳಿ. ಅಂಗಡಿ ಹಾಕಿದರೆ ಗುಮಾಸ್ತಾ, ಅಂದರೆ ಅಂಗಡಿಯ ನೋಂದಣಿ. ಸಣ್ಣ ಅಂಗಡಿಯವರು ಈಗ ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟು ರಸೀದಿ ತೆಗೆದುಕೊಂಡರೆ ಸಾಕು. ಮಾಲು ಮಾರುವವರಿಗೆ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಬೇಡ, ಸೇವೆಯವರಿಗೆ 20 ಲಕ್ಷ. ಆದರೆ ಅಕ್ಕ ಮಂಗಳೂರಿನ ಅಂಗಡಿಗೂ ಪುಡಿ ಕಳಿಸುತ್ತೇನೆ ಅಂದರೆ ರಾಜ್ಯ ದಾಟಿತು, ಆಗ 40 ಲಕ್ಷದ ಲೆಕ್ಕ ನಡೆಯುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮವರಿಗೆ ಶ್ರೀಕೃಷ್ಣ, ಉಡುಪಿ, ಅನ್ನಪೂರ್ಣ ಬಿಟ್ಟರೆ ಹೆಸರೇ ಹೊಳೆಯುವುದಿಲ್ಲ. ಇಟ್ಟುಕೊಳ್ಳಿ, ದೇವರ ಹೆಸರು ಒಳ್ಳೆಯದೇ. ಆದರೆ ಬೇರೆಯವರು ಟ್ರೇಡ್‌ಮಾರ್ಕ್ ಮಾಡಿಸಿದ ಹೆಸರಾಗಿದ್ದರೆ ನೋಟಿಸ್ ಬರುತ್ತದೆ. ಟ್ರೇಡ್‌ಮಾರ್ಕ್ ಕಚೇರಿಯ ಸೈಟಿನಲ್ಲಿ ಪುಕ್ಕಟೆ ಹುಡುಕಬಹುದು. ಅಲ್ಲಿ ಮಾಲುಗಳನ್ನು ವರ್ಗ ಮಾಡಿದ್ದಾರೆ, ಮಸಾಲೆ ಪುಡಿ ಬರುವುದು 30ನೆಯ ವರ್ಗದಲ್ಲಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಫೀಸು 4,500 ರೂಪಾಯಿ, ದೊಡ್ಡ ಕಂಪನಿಗೆ 9,000. ಕಚೇರಿ ಆಂಟಾಪ್ ಹಿಲ್‌ನಲ್ಲಿ, ಮಾಟುಂಗದವರಿಗೆ ಕೂಗಳತೆಯಲ್ಲೇ ಇದೆ.

ಕೆಲಸವನ್ನೇ ಕಲಿಯಬೇಕು ಅನ್ನುವವರು ಊರಿಗೆ ಹೋದಾಗ ಎರಡು ಕಡೆ ವಿಚಾರಿಸಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಆಹಾರ ತಯಾರಿಕೆಯ ಕಿರು ತರಬೇತಿಗಳಿವೆ. ಪುಡಿ ಎಷ್ಟು ತಿಂಗಳು ಕೆಡದೆ ಇರುತ್ತದೆ, ಯಾವ ಪ್ಯಾಕೆಟ್ ಬೇಕು ಅನ್ನುವುದನ್ನು ತಿಳಿದವರು ಅಲ್ಲಿದ್ದಾರೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಸ್ವಂತ ಉದ್ಯೋಗದ ಕೆಲಸ ಪುಕ್ಕಟೆ ಕಲಿಸುತ್ತದೆ, ಅದೂ ಕನ್ನಡದಲ್ಲಿ. ಅದನ್ನೇ ನೋಡಿ ದೇಶದ ತುಂಬ ಅಂಥ ಸಂಸ್ಥೆಗಳು ಹುಟ್ಟಿದವು.

ಕೊನೆಗೆ ಉಧಾರ. ಧಂಧೆ ಶುರುವಾದ ಮೇಲೆ ಸಣ್ಣವರನ್ನು ಮುಳುಗಿಸುವುದು ಇದೇ. ಅಕ್ಕ ಒಬ್ಬ ದೊಡ್ಡ ಕೇಟರರಿಗೆ 50 ಕಿಲೋ ಪುಡಿ ಕೊಟ್ಟರು, ದುಡ್ಡು ಬರಲಿಲ್ಲ ಅನ್ನಿ. 2006ರ ಸಣ್ಣ ಉದ್ಯಮ ಕಾಯ್ದೆ ಅವರ ಪರ ಇದೆ. ಬರವಣಿಗೆಯ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು, ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ಅದಕ್ಕೆ ಉದ್ಯಮ್ ನಂಬರ್ ಬೇಕು, ಬಿಲ್ಲು ಬೇಕು, ಮಾಲು ಮುಟ್ಟಿದ್ದಕ್ಕೆ ಸಹಿ ಬೇಕು. ಮಾಲು ಕೊಡುವ ಮೊದಲೇ ನೋಂದಣಿ ಆಗಿದ್ದರೆ ವಾದಕ್ಕೆ ಬಲ. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಮೊದಲ ಪ್ಯಾಕೆಟ್ ಮಾರುವ ದಿನವೇ ಒಂದು ಬಿಲ್ ಪುಸ್ತಕ ಛಾಪಿಸಿಟ್ಟುಕೊಳ್ಳಿ.

ನಮಸ್ಕಾರ.